ಬೋರ್ಡಿನ ಮೇಲಿನ ಕಣ್ಣು

೧೪-೩-೧೯೬೨, ಬುಧವಾರ, ಶಿಡ್ಲಘಟ್ಟ

ಆ ಕಣ್ಣನ್ನು ನಾನು ಬರೆಯಬಾರದಿತ್ತು.

ಚೆನ್ನರಾಯಪ್ಪ ಮೇಷ್ಟ್ರು ರೇಷ್ಮೆ ಹುಳು ಸಾಕುವುದರ ಬಗ್ಗೆ ಪುಸ್ತಕ ಬರೆದು ಅಚ್ಚು ಹಾಕಿಸಿದ್ದಾರೆ. ಅದರ ಮಾರಾಟಕ್ಕೆ ಬೋರ್ಡು ಬೇಕಿತ್ತು. "ಒಂದು ಬುಟ್ಟಿ ಗೂಡು ಬರೆದ್ರೆ ಸಾಕು ಕಣಪ್ಪ," ಅಂದಿದ್ದರು. ನಾನು ನಕ್ಕುಬಿಟ್ಟೆ. "ಬುಟ್ಟೀನ ಯಾರು ನೋಡ್ತಾರೆ ಮೇಷ್ಟ್ರೇ? ನಂಗೆ ಬಿಡಿ." ಬಾಗಿಲೆತ್ತರದ ಹಲಗೆಯ ತುಂಬ ಒಂದೇ ಒಂದು ಕಣ್ಣು ಬರೆದೆ. ಕೆಳಗೆ ಪುಸ್ತಕದ ಹೆಸರು, ಅವರ ಹೆಸರು. ಬೆಳಿಗ್ಗೆ ರೇಷ್ಮೆ ಗೂಡು ಮಾರುವ ಬೀದಿಯ ಮೊದಲಿಗೇ ನಿಲ್ಲಿಸಿದೆವು.

ಎಲ್ಲರೂ ನೋಡಿದರು. ನೋಡಿದವರೆಲ್ಲ ಗೂಡಿನ ಬುಟ್ಟಿಗೆ ಬಟ್ಟೆ ಮುಚ್ಚಿಕೊಂಡು ಬೇರೆ ದಾರಿ ಹಿಡಿದರು. ದಿಬ್ಬೂರಹಳ್ಳಿಯ ಹೆಂಗಸೊಬ್ಬಳು ಕೂಗಿಯೇಬಿಟ್ಟಳು: "ಯಾವನಪ್ಪಾ ಅವ್ನು, ಬೆಳೆ ಮ್ಯಾಲೆ ದೃಷ್ಟಿ ತಂದು ನಿಲ್ಸಿರೋನು!"

ನಾನೂ ಹುಳು ಸಾಕಿದ ಮನೆಯವನೇ. ಹೊರಗಿನವರು ಬಂದರೆ ದೃಷ್ಟಿಯಾದೀತೆಂದು ಅಮ್ಮ ಹುಳುವಿನ ತಟ್ಟೆಗಳಿಗೆ ಸೀರೆ ಮುಚ್ಚುತ್ತಿದ್ದಳು. ಅದನ್ನು ಹೇಗೆ ಮರೆತೆ? ಬರೆಯುವಾಗ ನನ್ನ ಕೈಚಳಕವೊಂದೇ ನನಗೆ ಕಾಣುತ್ತಿತ್ತು.

ಮಧ್ಯಾಹ್ನದವರೆಗೆ ಒಂದು ಪುಸ್ತಕವೂ ಹೋಗಲಿಲ್ಲ. ಮೇಷ್ಟ್ರು ಬೈಯಲಿಲ್ಲ. ಹೆಗಲ ಮೇಲಿನ ಬಿಳಿ ಶಲ್ಯ ತೆಗೆದು, ತಮ್ಮ ಹೆಸರೂ ಮುಚ್ಚಿಹೋಗುವಂತೆ ಬೋರ್ಡಿಗೆ ಹೊದಿಸಿದರು. "ಪಾಪ, ಜನ ಸುತ್ತು ದಾರೀಲಿ ಹೋಗ್ತಿದ್ದಾರೆ. ಬಿಸಿಲಿಗೆ ಗೂಡು ಕೆಟ್ಟೋಗುತ್ತೆ," ಅಂದರು.

ಬಣ್ಣ ಇನ್ನೂ ಹಸಿಯಾಗಿತ್ತು; ಕಣ್ಣು ಶಲ್ಯದ ಮೇಲೂ ಮೂಡಿಬಿಟ್ಟಿತ್ತು. ತೊಳೆದುಕೊಡುತ್ತೇನೆಂದು ಶಲ್ಯವನ್ನು ಮನೆಗೆ ತಂದೆ. ಸೀಮೆಎಣ್ಣೆ ಹಾಕಿ ಎರಡು ಸಲ ಉಜ್ಜಿದೆ. ರೆಪ್ಪೆಗಳು ಹೋದವು, ಕಣ್ಣು ಹೋಗಲಿಲ್ಲ. ಹೊಸ ಶಲ್ಯ ತಂದುಕೊಟ್ಟೇನು. ಆದರೆ ಅವರು ಕೇಳಿದ್ದು ಒಂದು ಬುಟ್ಟಿ ಗೂಡು, ಅಷ್ಟೇ. ಅದನ್ನು ನಾನು ಬರೆದುಕೊಡಲಿಲ್ಲ.