ಅರವತ್ತೆರಡರಲ್ಲಿ ಎಂಟು ಹಾಕಿದ್ದು

ನವೆಂಬರ್ ೧೩, ಬುಧವಾರ
ಊಟವಾದ ಮೇಲೆ, ಕಿಟಕಿಯ ಪಕ್ಕದ ಮೇಜಿನಿಂದ

ನನ್ನ ಮಗಳೂ ಏಕೈಕ ವಿಮರ್ಶಕಿಯೂ ಆದ ಪುಟ್ಟಿಗೆ,

ನಿನ್ನಪ್ಪ ಗಟ್ಟಿ ಗಂಟಲಲ್ಲಿ ಹರಸುತ್ತಿದ್ದಾನೆ. ಅಲ್ಲಿಯವರೆಗೂ ಕೇಳಿಸಿದರೆ ಆಶ್ಚರ್ಯಪಡಬೇಡ. ನಾವಿಬ್ಬರೂ ಸುಖವಾಗಿದ್ದೇವೆ. ನಿನ್ನ ಅಮ್ಮನ ಮಂಡಿನೋವು ಹಾಗೆಯೇ ಇದೆ, ನನ್ನ ಬಾಯಿಯೂ ಹಾಗೆಯೇ ಇದೆ.

ನಿನ್ನ ಪತ್ರ ಬಂದು ತಿಂಗಳಾದರೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಇಪ್ಪತ್ತನಾಲ್ಕನೇ ತಾರೀಖು ಭಾನುವಾರ, ಬೆಳಿಗ್ಗೆ ಹತ್ತಕ್ಕೆ, ನಿನ್ನ ಸ್ವಂತ ಚಿಕಿತ್ಸಾಲಯದ ಬಾಗಿಲು ತೆರೆಯುತ್ತದೆ ಎಂದು ಬರೆದಿದ್ದೆ. ಮೂಳೆ ಮುರಿದುಕೊಂಡವರನ್ನು ಮತ್ತೆ ನಡೆಸುವ ವಿದ್ಯೆ ನಿನ್ನದು. ಇಷ್ಟು ವರ್ಷ ಪರರ ಆಸ್ಪತ್ರೆಯಲ್ಲಿ ದುಡಿದೆ, ಇನ್ನು ಬಾಗಿಲ ಮೇಲೆ ನಿನ್ನದೇ ಹೆಸರು. ಓದಿ ಎದೆ ಎರಡು ಅಂಗುಲ ಹಿಗ್ಗಿತು. ಆದರೆ ಅಂದು ಸಂಜೆಯೇ ನೀನು ಫೋನಿನಲ್ಲಿ ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಅಪ್ಪ ಬರ್ತೀನಿ ಅಂತಾರೆ ಬಿಡಮ್ಮ. ಬಂದಾಗ ನೋಡೋಣ."

ಬಂದಾಗ ನೋಡೋಣ! ನಲವತ್ತು ವರ್ಷ ಬಣ್ಣ ಹಚ್ಚಿ ಸಿಂಹಾಸನಗಳ ಮೇಲೆ ಕೂತ ನನಗೆ, ಹೆತ್ತ ಮಗಳಿಂದ ಈ ಮಾತು! ಭಾನುವಾರ ನಿಮ್ಮ ಕಡೆಗೆ ಬಸ್ಸಿಲ್ಲ. ಕಾರು ಕಳಿಸುತ್ತೇನೆ ಎನ್ನುತ್ತೀ, ಗೊತ್ತು. ಬೇಡ. ಈ ಸಲ ನಾನು ಇನ್ನೊಬ್ಬರ ಗಾಡಿ ಕಾಯುವುದಿಲ್ಲ. ಬರುವ ದಾರಿ ಮಾಡಿಕೊಂಡೇ ಬರುತ್ತೇನೆಂದು ಬರೆಯೋಣ ಅಂತ ಸುಮ್ಮನಿದ್ದೆ. ಈಗ ಪರದೆ ಎತ್ತುತ್ತಿದ್ದೇನೆ, ಕುರ್ಚಿ ಗಟ್ಟಿಯಾಗಿ ಹಿಡಿದುಕೋ. ನಿನ್ನಪ್ಪ ಅರವತ್ತೆರಡನೇ ವಯಸ್ಸಿನಲ್ಲಿ ಮೋಟಾರ್ ಬೈಕು ಕಲಿತಿದ್ದಾನೆ! ಪರೀಕ್ಷೆ ಪಾಸಾಗಿದ್ದಾನೆ! ಬೈಕೂ ಕೊಂಡಿದ್ದಾನೆ!

ಗೋದಾಮಿನ ಹಿಂದಿನ ಸಿಮೆಂಟು ಅಂಗಳವೇ ನಮ್ಮ ಶಾಲೆ. ಕಲಿಸುವಾಕೆಗೆ ನಿನ್ನಷ್ಟೇ ವಯಸ್ಸು. ಕೊರಳಲ್ಲಿ ಸೀಟಿ, ಮುಖದಲ್ಲಿ ನಗು ಎಂಬುದಿಲ್ಲ. ಮೊದಲ ದಿನ ನನ್ನನ್ನು ನೋಡಿ, "ಮೊಮ್ಮಗನ್ನ ಸೇರಿಸೋಕೆ ಬಂದ್ರಾ ತಾತ?" ಎಂದಳು.

"ತಾತ ಸೇರಿಕೊಳ್ಳೋಕೆ ಬಂದಿದ್ದಾನಮ್ಮಾ!" ಎಂದೆ, ಕೊನೆಯ ಸಾಲಿನ ಕುರ್ಚಿಗೂ ಕೇಳಿಸುವಂತೆ.

"ಸರಿ, ಕೂಗಬೇಡಿ. ಬೈಕಿಗೆ ಕಿವಿ ಇಲ್ಲ. ಕ್ಲಚ್ ಹಿಡೀರಿ."

ಕ್ಲಚ್ಚನ್ನು ಒಮ್ಮೆಲೇ ಬಿಟ್ಟೆ. ಬೈಕು ಕುದುರೆಯಂತೆ ಕುಪ್ಪಳಿಸಿ ಸತ್ತಿತು. ಒಂದಲ್ಲ, ಹದಿನೇಳು ಸಲ. ಅದನ್ನೂ ದಾಟಿದೆ. ನಿಜವಾದ ಸಂಕಟ ಎರಡನೇ ವಾರ ಶುರುವಾಯಿತು, ಎಂಟು ಹಾಕುವಾಗ. ನೆಲದ ಮೇಲೆ ಎಂಟರ ಆಕಾರದಲ್ಲಿ ಗೆರೆ. ಕಾಲೂರದೆ ಅದರ ಮೇಲೆ ಸುತ್ತಬೇಕು. ಕಾಲು ನೆಲಕ್ಕೆ ತಗುಲಿದರೆ ಫೇಲು. ಅಂಗಳದ ಅಂಚಿನ ಬೆಂಚಿನ ಮೇಲೆ ಗೋದಾಮಿನ ಹಮಾಲರು ಟೀ ಕುಡಿಯುತ್ತಾ ನಮ್ಮನ್ನು ನೋಡುತ್ತಿದ್ದರು. ನಾನು ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಬೈಕು ಮಾತ್ರ ನೆಟ್ಟಗೆ ಅವರ ಕಡೆಗೇ! ನಾಲ್ಕನೇ ಸಲ ಬೆಂಚಿಗೇ ನುಗ್ಗಿದೆ. ಹಮಾಲರು ದಿಕ್ಕಾಪಾಲಾದರು. ಒಬ್ಬ ಗೋಡೆ ಹತ್ತಿ ನಿಂತು, "ಯಜಮಾನ್ರೇ, ನಮ್ಮ ಮೇಲೆ ಏನು ಹಳೇ ದ್ವೇಷ?" ಎಂದ.

ಸೀಟಿಯವಳು ಬಂದು ಕೀಲಿ ತಿರುಗಿಸಿ ಇಂಜಿನ್ ಆರಿಸಿದಳು. "ಯಾಕೆ ಸರ್ ಅವರನ್ನೇ ನೋಡ್ತೀರಾ?"

ಸತ್ಯ ಹೇಳಿದೆ. "ಪ್ರೇಕ್ಷಕರಿಗೆ ಬೆನ್ನು ತೋರಿಸಿ ಅಭ್ಯಾಸ ಇಲ್ಲಮ್ಮ. ಸಾಯೋ ದೃಶ್ಯದಲ್ಲೂ ಮುಖ ಅವರ ಕಡೆಗೇ ಇಟ್ಟು ಸತ್ತವನು ನಾನು."

ಆಗ ಅವಳು ಮೊದಲ ಬಾರಿ ನಕ್ಕಳು. "ಕಣ್ಣು ಎಲ್ಲಿಗೋ ಗಾಡಿ ಅಲ್ಲಿಗೆ ಸರ್. ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ. ನಿಮ್ಮನ್ನ ಯಾರು ನೋಡ್ತಿದಾರೆ ಅನ್ನೋದು ನಿಮ್ಮ ಕೆಲಸ ಅಲ್ಲ."

ಪುಟ್ಟೀ, ನಲವತ್ತು ವರ್ಷದ ಚಾಳಿಯನ್ನು ಕತ್ತಿನಿಂದ ಬಿಡಿಸುವುದೆಂದರೆ ಹುಡುಗಾಟವೇ? ರಾತ್ರಿ ಕತ್ತು ಉಳುಕಿ, ನಿನ್ನ ಅಮ್ಮ ಬಿಸಿ ಉಪ್ಪಿನ ಗಂಟು ಕಟ್ಟಿ ಶಾಖ ಕೊಟ್ಟಳು. ಬೆಳಿಗ್ಗೆ ಮತ್ತೆ ಹೋದೆ. ಹೋದ ಶನಿವಾರ ಪರೀಕ್ಷೆ. ನಾನು ಗೆರೆಯ ಮುಂದಿನ ತಿರುವನ್ನೇ ನೋಡಿದೆ, ಹಮಾಲರಿಗೆ ಪೂರ್ತಿ ಬೆನ್ನು ಹಾಕಿದೆ. ಒಂದು ಸುತ್ತು, ಎರಡು, ಮೂರು. ಕಾಲು ಊರಲಿಲ್ಲ. ಇಂಜಿನ್ನಿನ ಸದ್ದೊಂದನ್ನು ಬಿಟ್ಟು ಲೋಕದಲ್ಲಿ ಬೇರೇನೂ ಇರಲಿಲ್ಲ. ಗಾಡಿ ನಿಲ್ಲಿಸಿದಾಗ ಅವಳು ಸೀಟಿ ಊದಿ, "ತಾತ ಪಾಸ್!" ಎಂದಳು. ಕಿರೀಟಗಳು ಎಷ್ಟೋ ಬಂದು ಹೋದವು ಮಗಳೇ, ಅವೆಲ್ಲ ರಟ್ಟಿನವು. ಆ ಪಾಸು ನನ್ನದು!

ಇನ್ನು ಬೈಕಿನ ಕಥೆ. ಮೊದಲು ನೋಡಿದ್ದು ಒಬ್ಬ ದಲ್ಲಾಳಿಯ ಬಳಿ. ಫಳಫಳ ಹೊಳೆಯುತ್ತಿತ್ತು. "ಹೊಸ ಮದುಮಗಳ ಥರ ಇದೆ ನೋಡಿ ಸಾರ್," ಎಂದ. ಇಂಜಿನ್ ಮುಟ್ಟಿದೆ, ಬಿಸಿ. ನಾನು ಬರುವ ಮೊದಲೇ ಓಡಿಸಿಟ್ಟಿದ್ದ. ತಣ್ಣಗಿರುವಾಗ ಅದು ಏಳುವುದಿಲ್ಲವೆಂದೇ ಅರ್ಥ. ಟ್ಯಾಂಕಿನ ಅಡಿಯಲ್ಲಿ ಉಗುರು ಹಾಕಿ ಕೆರೆದೆ, ಬಣ್ಣ ಸಿಪ್ಪೆಯಂತೆ ಎದ್ದು ತುಕ್ಕು ಕಂಡಿತು. "ಅಯ್ಯಾ, ಮುದುಕನಿಗೆ ಬಣ್ಣ ಹಚ್ಚಿ ಯುವರಾಜ ಮಾಡೋದನ್ನ ನನಗೇ ಕಲಿಸ್ತೀಯಾ?" ಎಂದು ಎದ್ದು ಬಂದೆ.

ಎರಡನೆಯದು ನಮ್ಮ ಬೀದಿಯ ಗಡಿಯಾರ ರಿಪೇರಿಯವನದು. ಅವನು ಗ್ರಾಹಕನಿಗೆ ಮೊದಲು ದೋಷಗಳನ್ನೇ ಹೇಳುವ ವಿಚಿತ್ರ ಪ್ರಾಣಿ. "ಎಡಗಡೆ ಕನ್ನಡಿ ಅಲ್ಲಾಡುತ್ತೆ. ಚೈನು ಹೊಸದು ಹಾಕಿಸಿದೀನಿ. ಹಾರ್ನು ಮಾತ್ರ ಮನಸ್ಸು ಬಂದ್ರೆ ಕೂಗುತ್ತೆ."

"ಹಾರ್ನ್ ಚಿಂತೆ ಬಿಡಿ, ನನ್ನ ಗಂಟಲಿದೆ!" ಎಂದೆ. ತಣ್ಣಗಿದ್ದ ಇಂಜಿನ್ ಒಂದೇ ಒದೆತಕ್ಕೆ ಎದ್ದಿತು. ಕೊಂಡೆ.

ನಿನ್ನ ಅಮ್ಮ ಬಾಗಿಲಲ್ಲೇ ತಡೆದಳು. "ನಾನು ಹಿಂದೆ ಕೂರಬೇಕಾ? ಮೊದಲು ಒಂದು ಡಜನ್ ಮೊಟ್ಟೆ ಕೂರಿಸ್ಕೊಂಡು ಬನ್ನಿ. ಆಮೇಲೆ ಮಾತು." ಮಾರುಕಟ್ಟೆಯಿಂದ ಮೊಟ್ಟೆ ತಂದೆ. ಹನ್ನೊಂದು ಕ್ಷೇಮ, ಒಂದು ಮಾತ್ರ ಬಿರುಕು. "ನೂರಕ್ಕೆ ತೊಂಬತ್ತು ಕಣೇ!" ಎಂದು ಬೀಗಿದೆ. ಅವಳು ಆ ಒಡೆದ ಮೊಟ್ಟೆಯನ್ನೇ ನೋಡುತ್ತಾ, "ನಾನು ಹನ್ನೆರಡನೆಯವಳಾಗಿದ್ರೆ ಏನ್ರೀ ಮಾಡೋದು?" ಎಂದಳು. ಆದರೂ ಇಂದು ಬೆಳಿಗ್ಗೆ ಸೆರಗು ಬಿಗಿದು ಕೂತಳು. ಅಂಚೆ ಕಚೇರಿಯವರೆಗೆ ಹೋಗಿ ಬಂದೆವು. ಇಳಿದವಳೇ ನನ್ನ ಹೆಲ್ಮೆಟ್ ಒರೆಸಿ ಗೂಟಕ್ಕೆ ನೇತುಹಾಕಿದಳು. ನಲವತ್ತು ವರ್ಷ ನನ್ನ ಕಿರೀಟಗಳನ್ನು ಅಟ್ಟಕ್ಕೆ ಎಸೆದವಳು!

ಆದ್ದರಿಂದ ಕೇಳು. ಇಪ್ಪತ್ತನಾಲ್ಕರಂದು ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ. ಮೂವತ್ತೆಂಟು ಕಿಲೋಮೀಟರು, ನಿಧಾನವಾಗಿ ಬಂದರೂ ಎಂಟರೊಳಗೆ ನಿನ್ನ ಬಾಗಿಲಲ್ಲಿರುತ್ತೇವೆ. ಅಳಿಯಂದಿರಿಗೆ ಹೇಳು, ಕಾರು ಗೀರು ಕಳಿಸಬಾರದು. ನಿನ್ನ ಕೈಗುಣ ಹೆಚ್ಚಲಿ, ಕುಂಟುತ್ತಾ ಬಂದವರು ನಿನ್ನ ಬಾಗಿಲಿಂದ ಓಡುತ್ತಾ ಹೋಗಲಿ, ನಿನ್ನ ಹೆಸರು ಊರೂರು ಸುತ್ತಲಿ.

ನಿನ್ನ,
ಹಾರ್ನ್ ಬೇಡದ ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಒಂದು ಮಾತು. ಅಮ್ಮನಿಗೂ ಇದು ಗೊತ್ತಿಲ್ಲ. ಆಗ ನಿನಗೆ ಒಂಬತ್ತು ವರ್ಷ, ಶಾಲೆಯ ನಾಟಕದಲ್ಲಿ ಮೋಡದ ಪಾತ್ರ. ನಾನು ಬರುವಷ್ಟರಲ್ಲಿ ಸಭಾಂಗಣ ಗುಡಿಸುತ್ತಿದ್ದರು. ಅಪ್ಪ ನೋಡುವವರೆಗೂ ಮುಖ ತೊಳೆಯುವುದಿಲ್ಲ ಎಂದು ನೀನು ಬಿಳಿ ಬಣ್ಣದಲ್ಲೇ ಮೆಟ್ಟಿಲ ಮೇಲೆ ಕೂತಿದ್ದೆ. ಬಸ್ಸು ಕೆಟ್ಟಿತು, ಆ ರಸ್ತೆಯಲ್ಲಿ ಒಂದು ಗಾಡಿಯೂ ಬರಲಿಲ್ಲ, ನಡೆದೇ ಬಂದೆ ಎಂದೆ. "ಪಾಪ ಅಪ್ಪ," ಎಂದು ಮನೆಗೆ ಬಂದು ನನ್ನ ಕಾಲು ಒತ್ತಿದೆ.

ಬಸ್ಸು ಕೆಟ್ಟದ್ದು ನಿಜ. ಆದರೆ ಐದೇ ನಿಮಿಷಕ್ಕೆ ತರಕಾರಿಯವನೊಬ್ಬ ಬೈಕು ನಿಲ್ಲಿಸಿ, "ಹತ್ತಿ ಸ್ವಾಮಿ, ಆ ಕಡೆಗೇ ಹೋಗ್ತಿದೀನಿ," ಎಂದ. ನಾನು ಅಲ್ಲಿಯವರೆಗೆ ಜನ್ಮದಲ್ಲಿ ಬೈಕು ಹತ್ತಿದವನಲ್ಲ. ಒಂದು ಕಾಲನ್ನು ಬೈಕಿನ ಕಾಲೂರುವ ಕಂಬಿಯ ಮೇಲಿಟ್ಟೆ. ಅಡಿಯಲ್ಲಿ ಅದು ನಡುಗಿತು, ಜೊತೆಗೆ ನಾನೂ. "ಬೇಡಪ್ಪಾ, ನಮ್ಮ ನಾಟಕ ಕಂಪನಿಯ ಕಾರು ಹಿಂದೆ ಬರ್ತಿದೆ," ಎಂದು ರಾಜನ ದನಿಯಲ್ಲಿ ಹೇಳಿ ಅವನನ್ನು ಕಳಿಸಿಬಿಟ್ಟೆ. ನೀನು ಒತ್ತಿದ್ದು ಅದೇ ಕಾಲನ್ನು, ಮಗಳೇ. ಹತ್ತಲು ಎತ್ತಿ, ಹೆದರಿ ಕೆಳಗಿಳಿಸಿದ ಕಾಲನ್ನು.