ಪೋಸ್ಟ್‌ಹೇಸ್ಟ್ ಪದದ ಅರ್ಥ, ಹುಟ್ಟು ಮತ್ತು ಬಳಕೆ

ಅಡುಗೆಮನೆಯ ಮೇಜು,
ಸೋಮವಾರ ಮಧ್ಯಾಹ್ನ

ಹಾಸ್ಟೆಲಿನ ಮೂರನೇ ಮಹಡಿಯಲ್ಲಿ ವಿರಾಜಮಾನಳೂ, ಕಿವಿ ಹಿಂಡುವ ವಿದ್ಯೆಯಲ್ಲಿ ಎದುರಾಳಿಯಿಲ್ಲದವಳೂ, ನನ್ನ ನೀಲಿ ಸ್ವೆಟರಿನ ಅಕ್ರಮ ಒಡತಿಯೂ ಆದ ಮಹಾಮಹಿಮ ಅಕ್ಕನವರ ಸನ್ನಿಧಾನಕ್ಕೆ ತಂಗಿಯ ಸಾಷ್ಟಾಂಗ ನಮಸ್ಕಾರಗಳು.

ಹೇಗಿದ್ದೀಯೇ? ಕೆಮ್ಮು ಹೋಯಿತಾ? ಪರೀಕ್ಷೆಗೆ ಓದುತ್ತಿದ್ದೀಯೋ, ಪುಸ್ತಕ ಇನ್ನೂ ತಲೆದಿಂಬೋ? ಸ್ವಲ್ಪ ಕೂತುಕೊಂಡು ಓದು. ಅಮ್ಮನ ಗಂಟಲಲ್ಲಿ ಗಡ್ಡೆ ಇದೆ. ಬರುವ ಸೋಮವಾರ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಗಟ್ಟಿಯಾಗಿ ಹೇಳಿದರು. ಆಮೇಲೆ ಮಾತು ಬರುವುದಿಲ್ಲ ಎನ್ನುವುದನ್ನು ಮಾತ್ರ ಮೆಲ್ಲಗೆ ಹೇಳಿದರು. ಇಷ್ಟು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಚಹಾ ಕುಡಿಯುತ್ತಿದ್ದವರನ್ನೂ ಲೋಟ ಬಿಟ್ಟು ಓಡುವಂತೆ ಮಾಡಿದವಳಿಗೆ ಈಗ ಉಳಿದಿರುವುದು ಬರೀ ಪಿಸುಮಾತು. ಅದು ಕೇಳಿಸಲಿ ಎಂದು ಅಪ್ಪ ರೇಡಿಯೋ ಹಾಕುವುದನ್ನೇ ಬಿಟ್ಟಿದ್ದಾರೆ.

ನಿನಗೆ ತಿಳಿಸಲು ನಿನ್ನೆಯವರೆಗೂ ಅಮ್ಮ ಬಿಟ್ಟಿರಲಿಲ್ಲ. ಕೊನೆಗೆ ಒಪ್ಪಿದಳು, ಷರತ್ತು ಹಾಕಿ. “ಫೋನಲ್ಲಿ ಬೇಡ, ಕಾಗದ ಬರಿ. ಬೇಗ ಬಾ ಅಂತ ಮಾತ್ರ ಬರೆದ್ಯೋ, ನೋಡು ಮತ್ತೆ! ಪರೀಕ್ಷೆ ಮುಗಿಸ್ಕೊಂಡೇ ಬರ್ಲಿ ಅವಳು.” ಕಾಗದ ನಿಧಾನಕ್ಕೆ ತಲುಪಲಿ ಎಂಬ ಲೆಕ್ಕಾಚಾರ ಅವಳದು. ಆಜ್ಞೆ ಮೀರುವ ಮಗಳೇ ನಾನು? ಹಾಗಾಗಿ ‘ಬೇಗ ಬಾ’ ಎಂದು ಬರೆಯುತ್ತಿಲ್ಲ. ನಿನ್ನ ಜ್ಞಾನಾಭಿವೃದ್ಧಿಗಾಗಿ ಒಂದು ಇಂಗ್ಲಿಷ್ ಪದವನ್ನಷ್ಟೇ ಕಲಿಸುತ್ತಿದ್ದೇನೆ.

ಪದ: ಪೋಸ್ಟ್‌ಹೇಸ್ಟ್. ಅರ್ಥ: ಎದ್ದು ಬಿದ್ದು, ತಡಮಾಡದೆ. ಹುಟ್ಟು: ಕುದುರೆಯ ಮೇಲೆ ಕಾಗದ ಹೋಗುತ್ತಿದ್ದ ಕಾಲದಲ್ಲಿ ಇಂಗ್ಲಿಷರು ಅದರ ಹೊರಮೈ ಮೇಲೆ ‘ಹೇಸ್ಟ್, ಪೋಸ್ಟ್, ಹೇಸ್ಟ್’ ಎಂದು ಬರೆಯುತ್ತಿದ್ದರಂತೆ. ಪೋಸ್ಟ್ ಅಂದರೆ ಆಗ ಕಾಗದ ಹೊತ್ತು ಓಡುವ ಆಳು. ಓಡು ಮಾರಾಯ, ಓಡು ಎಂದು ಅವನಿಗೆ ಹೇಳಿದ್ದು. ಕೆಲವರು ಪಕ್ಕದಲ್ಲಿ ಗಲ್ಲುಗಂಬವನ್ನೂ ಬಿಡಿಸುತ್ತಿದ್ದರಂತೆ, ತಡ ಮಾಡಿದರೆ ಇದೇ ಗತಿ ಎಂದು. ಲಕೋಟೆಯ ಮೇಲೆ ನಾನೂ ಒಂದು ಬಿಡಿಸಿದ್ದೇನೆ. ಬಟ್ಟೆ ಒಣಗಿಸುವ ಕಂಬದಂತೆ ಕಾಣುತ್ತದೆ. ಬಳಕೆ: ‘ತಾಯಿಯ ದನಿ ಇರುವಾಗಲೇ ಮಗಳು ಪೋಸ್ಟ್‌ಹೇಸ್ಟ್ ಹೊರಟಳು.’ ವಾಕ್ಯ ಕೇವಲ ಉದಾಹರಣೆಗೆ.

ಅಪ್ಪನ ಆಶೀರ್ವಾದ. ಅಮ್ಮನದನ್ನು ನಾನು ಬರೆಯುವುದಿಲ್ಲ. ಅವಳ ಬಾಯಿಂದಲೇ ಕೇಳಬೇಕು ನೀನು.

ನಿನ್ನ ಬಾಲ

ತಾ.ಕ.: ಹೋದ ಎರಡು ಭಾನುವಾರ ಫೋನಿನಲ್ಲಿ ನಿನ್ನ ಜೊತೆ ಮಾತಾಡಿದ್ದು ಅಮ್ಮ ಅಲ್ಲ ಕಣೇ, ನಾನು. ಅಮ್ಮ ಪಕ್ಕದಲ್ಲೇ ಕೂತು ಏನು ಹೇಳಬೇಕೆಂದು ಕಿವಿಯಲ್ಲಿ ಉಸುರುತ್ತಿದ್ದಳು. ನೀನು ಗುರುತೇ ಹಿಡಿಯಲಿಲ್ಲ. ಮೊದಲ ಸಲ ಇಬ್ಬರೂ ಬಾಯಿಗೆ ಸೆರಗು, ದುಪಟ್ಟಾ ತುರುಕಿಕೊಂಡು ನಕ್ಕೆವು. ನಿನ್ನೆ ಫೋನಿಟ್ಟ ಮೇಲೆ ಅಮ್ಮ ನನ್ನ ಕೈ ಬಿಡಲಿಲ್ಲ. ಇನ್ನೊಂದು ಸಲ ನನ್ನ ಹಾಗೆ ಮಾತಾಡೇ ಅಂದಳು. ನನಗೆ ಆಗಲಿಲ್ಲ.