ಬದುವಿನ ಎರಡೂ ಕಡೆ ಕರೆಂಟು

ಜಾಗತಿಕ ಭದ್ರತಾ ಸಮ್ಮೇಳನದ ಮಾನ್ಯ ಅಧ್ಯಕ್ಷರೇ,

ಇಬ್ಬರ ಕೈಯಲ್ಲೂ ಬಾಂಬಿದ್ದರೆ ಇಬ್ಬರೂ ತೆಪ್ಪಗಿರುತ್ತಾರೆ, ಲೋಕದ ಶಾಂತಿ ನಿಂತಿರುವುದೇ ಆ ಭಯದ ಮೇಲೆ ಎಂದು ತಾವು ಟೀವಿಯಲ್ಲಿ ಅಪ್ಪಣೆ ಕೊಡಿಸಿದ್ದನ್ನು ಕೇಳಿದೆ. ತಮ್ಮ ಮಾತು ತಪ್ಪೆಂದು ತಿಳಿಸಲು ಈ ಪತ್ರ. ತಮ್ಮ ಸಿದ್ಧಾಂತವನ್ನು ನ್ಯಾಮತಿ ತಾಲ್ಲೂಕಿನ ಸವಳಂಗದಲ್ಲಿ, ನಮ್ಮ ಮೆಕ್ಕೆಜೋಳದ ಹೊಲದಲ್ಲಿ, ನಾವು ಆಗಲೇ ಜಾರಿಗೆ ತಂದು ನೋಡಿದ್ದೇವೆ.

ಪಕ್ಕದ ಹೊಲದ ಸಣ್ಣತಿಮ್ಮಪ್ಪನವರು ಕಾಡುಹಂದಿಗೆಂದು ತಂತಿ ಎಳೆದು ಕರೆಂಟು ಕೊಟ್ಟರು. ನನ್ನ ಯಜಮಾನರು ಕೆಂಚೇಶ್ ನಂಬಲಿಲ್ಲ. "ಹಂದಿ ಬರೇ ನೆಪ. ನಮ್ಮನ್ನ ಹೆದರ್ಸಾಕೆ ಹಿಂಗೆ ಮಾಡ್ಯಾನೆ" ಎಂದು ಬದುವಿನ ಈಚೆ ತಾವೂ ಎಳೆದರು. ಆಚೆಯವರು ಇನ್ನೊಂದು ಸುತ್ತು ಸೇರಿಸಿದರು, ಇವರೂ ಸೇರಿಸಿದರು. ತಮ್ಮ ಭಾಷೆಯಲ್ಲಿ ಇದಕ್ಕೆ ಶಕ್ತಿ ಸಮತೋಲನ ಎನ್ನುತ್ತಾರಂತೆ. ಹಂದಿಗಳು ಮಾತ್ರ ತಂತಿಯಿಲ್ಲದ ಹಳ್ಳದ ಕಡೆಯಿಂದ ಬಂದು ಎರಡೂ ಹೊಲ ಮೇಯ್ದು ಹೋದವು.

ತಮ್ಮ ಲೆಕ್ಕದಲ್ಲಿ ಬೇಲಿಯಾಚೆ ಶತ್ರು, ಈಚೆ ನಾವು. ನಡುವೆ ಯಾರೂ ಇಲ್ಲ, ಅಲ್ಲವೇ? ನಮ್ಮಲ್ಲಿ ಬದುವಿನ ಹುಲ್ಲು ಎರಡೂ ಮನೆಗೆ ಸೇರಿದ್ದು. ಒಂದು ವಾರ ನಮ್ಮ ಅತ್ತೆ ಕರಿಯಕ್ಕ ಕೊಯ್ದರೆ, ಮುಂದಿನ ವಾರ ಸಣ್ಣತಿಮ್ಮಪ್ಪನವರ ಹೆಂಡತಿ ಬೊಮ್ಮಕ್ಕ. ಗಂಡಸರು ಮಾತು ಬಿಟ್ಟಮೇಲೂ ಹೆಂಗಸರು ಸರದಿ ಬಿಟ್ಟಿರಲಿಲ್ಲ. ಬೆಳಗಾದರೆ ಆರಿಸಬೇಕಾದ ಕರೆಂಟನ್ನು, ಅತ್ತೆಯ ಸರದಿಯ ಒಂದು ದಿನ, ಗಂಡಸರಿಬ್ಬರೂ ಆರಿಸಲಿಲ್ಲ. ಆಚೆಯವರು ಮೊದಲು ಆರಿಸಲಿ ಎಂದು ಇವರು, ಈಚೆಯವರು ಆರಿಸಲಿ ಎಂದು ಅವರು. ಅತ್ತೆಗೆ ತಗುಲಿದ್ದು ಶತ್ರುವಿನ ತಂತಿಯಲ್ಲ, ನಮ್ಮದೇ ತಂತಿ. ಜೀವ ಉಳಿಯಿತು. ಬಲಗೈ ಈಗ ಕುಡುಗೋಲು ಹಿಡಿಯುವುದಿಲ್ಲ, ಮುದ್ದೆ ಮುರಿಯುವುದಿಲ್ಲ. ನಾನು ತುತ್ತು ಕೊಡುವಾಗ ಅವರು ಮುಖ ಆಚೆ ತಿರುಗಿಸುತ್ತಾರೆ.

ಇನ್ನಾದರೂ ತೆಗೆಯಿರಿ ಎಂದರೆ ಯಜಮಾನರು, "ಈಗ ತೆಗುದ್ರೆ ಹೆದರಿದ್ರು ಅಂತಾರೆ ಕಣೆ. ಮೊದ್ಲು ಅವ್ರು ತೆಗೀಲಿ" ಎನ್ನುತ್ತಾರೆ. ಇದನ್ನು ಅವರು ತಮ್ಮಿಂದ ಕಲಿತರೋ, ತಾವು ಅವರಿಂದ ಕಲಿತಿರೋ?

ಮುಂದಿನ ಸಮ್ಮೇಳನದಲ್ಲಿ ಮೊದಲು ಯಾರು ಎಂಬ ಚರ್ಚೆ ಬಿಟ್ಟು, ತಮ್ಮ ಕಡೆಯದನ್ನು ತಾವು ತೆಗೆಯಬೇಕೆಂದು ಆಗ್ರಹಿಸುತ್ತೇನೆ. ಆಗದ ಮಾತು ಎನ್ನಬೇಡಿ. ಇವತ್ತು ಯಜಮಾನರು ಸಂತೆಗೆ ಹೋದಾಗ ಮೇನ್ ಆಫ್ ಮಾಡಿ ನಮ್ಮ ತಂತಿ ಬಿಚ್ಚಿ ಸುತ್ತಿಟ್ಟಿದ್ದೇನೆ. ಆಚೆಯದು ಇನ್ನೂ ಇದೆ. ಈ ವಾರ ಹುಲ್ಲಿನ ಸರದಿ ಬೊಮ್ಮಕ್ಕನದು. ಸಣ್ಣತಿಮ್ಮಪ್ಪನವರ ತಂತಿಯಿಂದ ಅವರ ಹೆಂಡತಿಯನ್ನು ಕಾಪಾಡುವುದು ಹೇಗೆಂದು ತಾವೇ ತಿಳಿಸಿಕೊಡಬೇಕು.

ಇಂತಿ,
ಸಂಜೆ ಯಜಮಾನರು ಬಂದಮೇಲೆ ಶತ್ರುಪಕ್ಷಕ್ಕೆ ಸೇರಲಿರುವ
ಸುಧಾ, ಸವಳಂಗ